ಮಳೆಯಲ್ಲಿ ಕ್ರಾಸ್‌ಬೋ ಹಿಡ್ಕೊಂಡು ಜಿಂಕೆ ಬೇಟೆಗೆ ಹೋಗುವವರಿಗೆ: ಹೆದೆಯಿಂದ ನೆತ್ತರ ಜಾಡಿನ ತನಕ

ಅಳಿಯ ಅಮೆರಿಕದ ಒಹಾಯೋದಿಂದ ಫೋನ್ ಮಾಡಿದ್ದು ಬೆಳಿಗ್ಗೆ ಆರೂವರೆಗೆ, ನಾನು ಜಗಲಿಯಲ್ಲಿ ಚಾ ಕುಡಿತಾ ಕೂತಿದ್ದೆ, ಅವನಿಗೆ ಅಲ್ಲಿ ಹಿಂದಿನ ದಿನದ ರಾತ್ರಿ ಒಂಬತ್ತು. "ಮಾವ, ನಾಳೆ ಇಡೀ ದಿನ ಮಳೆ ಅಂತ ತೋರಿಸ್ತಾ ಉಂಟು, ಕ್ರಾಸ್‌ಬೋ ತಕೊಂಡು ಹೋದ್ರೆ ಹಾಳಾಗ್ತದಾ?" ಅಂತ ಕೇಳಿದ. ಕ್ರಾಸ್‌ಬೋ ಅಂದ್ರೆ ಕೋವಿಯ ಹಾಗೆ ಹಿಡ್ಕೊಂಡು ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು. ಬದಿಯಡ್ಕದ ಹತ್ತಿರ ಹುಟ್ಟಿ ಬೆಳೆದ ಹುಡುಗ ಮಳೆಗೆ ಹೆದರುದು ನೋಡಿ ನಗು ಬಂತು, ನಮ್ಮ ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳ್ತದೆ, ಒಹಾಯೋದಲ್ಲಿ ಸಾವಿರದ ಆಸುಪಾಸು. ಆದ್ರೆ ಅವನು ಕೇಳಿದ ಪ್ರಶ್ನೆ ತಪ್ಪಿತ್ತು. ಬಿಲ್ಲಿನ ಚಿಂತೆ ಸಣ್ಣದು ಮಾರಾಯ, ಒರೆಸಿ ಮೇಣ ಹಚ್ಚಿದ್ರೆ ಮುಗೀತು. ಮಳೆಯಲ್ಲಿ ಹೊಡೆದ ಜಿಂಕೆ ಓಡಿ ಹೋದ ಮೇಲೆ ಅದರ ನೆತ್ತರ ಜಾಡು ತೊಳೆದು ಹೋಗ್ತದಲ್ಲ, ನಿಜವಾದ ತಲೆಬಿಸಿ ಅದು. ನಾನು ಅಲ್ಲಿ ಹನ್ನೊಂದು ವರ್ಷ ಇದ್ದೆ, ಪಕ್ಕದ ಮನೆಯ ಮುದುಕರೊಬ್ಬರು ಕಲಿಸಿದ್ದು, ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೇನೆ, ಈಗ ನಮ್ಮ ಕಡೆಯ ಹುಡುಗರು ಸುಮಾರು ಜನ ಆ ಕಡೆ ಇದ್ದಾರೆ, ಕೆಲವರಿಗೆ ಈ ಹುಚ್ಚೂ ಹಿಡಿದಿದೆ.

ಶುರು ಮಾಡುವ ಮುಂಚೆ ಒಂದು ಮಾತು, ಯಾಕಂದ್ರೆ ಇದನ್ನು ಓದಿ ಯಾರಾದ್ರೂ "ನಮ್ಮ ತೋಟಕ್ಕೆ ಬರುವ ಹಂದಿಗೆ ಆಗ್ತದಾ" ಅಂತ ಖಂಡಿತ ಕೇಳ್ತಾರೆ. ಆಗುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ನಿಷೇಧ. ನಮ್ಮಜ್ಜ ಕೆಡ್ಡಸ ಹಬ್ಬದ ಬೋಂಟೆಗೆ, ಅಂದ್ರೆ ಬೇಟೆಗೆ, ಊರವರ ಒಟ್ಟಿಗೆ ಹೋದ ಕತೆ ಹೇಳ್ತಿದ್ರು, ಅದು ಕತೆಯಾಗಿಯೇ ಇರ್ಲಿ. ಕಾಡುಹಂದಿಯ ವಿಷಯದಲ್ಲಿ ಕೇರಳ ಸರ್ಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಅಧಿಕಾರ ಕೊಟ್ಟಿದೆ, ಉಪದ್ರ ಕೊಡುವ ಹಂದಿಯನ್ನು ಹೊಡೆಯಲಿಕ್ಕೆ ಅವರು ಆರ್ಡರ್ ಮಾಡ್ಬಹುದು, ಆದ್ರೆ ಹೊಡೆಯುದು ಲೈಸೆನ್ಸ್ ಕೋವಿ ಇರುವವರು, ವಿಷ, ಕರೆಂಟು, ತೋಟೆ ಯಾವುದೂ ಇಲ್ಲ, ಅಡ್ಡಬಿಲ್ಲಂತೂ ಇಲ್ಲವೇ ಇಲ್ಲ. ಹಂದಿ ಬಂದ್ರೆ ಪಂಚಾಯತಿಗೆ ಹೋಗಿ. ಇಲ್ಲಿ ಬರೆದದ್ದು ಒಹಾಯೋದಂಥ ಜಾಗದಲ್ಲಿ, ಬೇಟೆ ಲೈಸೆನ್ಸ್, ಜಿಂಕೆಯ ಪರ್ಮಿಟ್, ಜಾಗದ ಯಜಮಾನ ಬರೆದುಕೊಟ್ಟ ಒಪ್ಪಿಗೆ ಎಲ್ಲ ಕೈಯಲ್ಲಿ ಇರುವವರಿಗೆ. ಅಲ್ಲಿ ಬಾಯಿಮಾತಿನ ಒಪ್ಪಿಗೆ ನಡೆಯುದಿಲ್ಲ, ಕಾಗದ ಬೇಕು, ಮಳೆಗೆ ಹೋಗುವಾಗ ಆ ಕಾಗದವನ್ನೂ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಟ್ಟುಕೊಳ್ಳಿ.

ಹಿಂದಿನ ರಾತ್ರಿ: ಹೆದೆಗೆ ಮೇಣ

ಕ್ರಾಸ್‌ಬೋದ ಹೆದೆ ಈಗೆಲ್ಲ ಸಿಂಥೆಟಿಕ್ ನೂಲಿನದ್ದು, ಬಹಳ ಎಳೆ ಸೇರಿಸಿ ಹೊಸೆದದ್ದು. ನೂಲು ತಾನಾಗಿ ನೀರು ಕುಡಿಯುದು ಕಮ್ಮಿ, ಆದ್ರೆ ಎಳೆ ಎಳೆಯ ನಡುವೆ ಸಂದಿ ಉಂಟಲ್ಲ, ಅಲ್ಲಿ ನೀರು ಹೋಗಿ ಕೂತ್ಕೊಳ್ತದೆ. ಆಗ ಹೆದೆ ಭಾರ ಆಗ್ತದೆ, ಬಿಲ್ಲಿನ ಶಕ್ತಿ ಸ್ವಲ್ಪ ಆ ನೀರನ್ನು ಎಳೆಯಲಿಕ್ಕೇ ಹೋಗ್ತದೆ, ಬಾಣ ನಿಧಾನ ಆಗ್ತದೆ, ನೀವು ಗುರಿ ಇಟ್ಟಲ್ಲಿಂದ ಕೆಳಗೆ ಹೋಗಿ ಬೀಳ್ತದೆ. ಮೇಣ ಹಚ್ಚುದು ಆ ಸಂದಿ ಮುಚ್ಚಲಿಕ್ಕೆ, ಅಷ್ಟೇ.

ಹಚ್ಚುದು ಹೇಗೆ ಅಂದ್ರೆ, ಮೊದಲು ಹೆದೆಯನ್ನೂ ಕೇಬಲ್ಲುಗಳನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಹಳೆ ಮೇಣ ಧೂಳು ಹಿಡ್ಕೊಂಡು ಕಪ್ಪಾಗಿದ್ರೆ ಒಂದು ನೂಲನ್ನು ಹೆದೆಗೆ ಒಂದು ಸುತ್ತು ಸುತ್ತಿ ಉದ್ದಕ್ಕೆ ಎಳೀರಿ, ಕೊಳೆ ಎಲ್ಲ ಕಿತ್ತು ಬರ್ತದೆ. ಆಮೇಲೆ ಮೇಣದ ಕಡ್ಡಿ ತಕೊಂಡು ಉದ್ದಕ್ಕೆ ಉಜ್ಜಿ, ಉಜ್ಜಿದ ಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡ್ಕೊಂಡು ಬೆರಳು ಬಿಸಿ ಆಗುವಷ್ಟು ವೇಗವಾಗಿ ಮೇಲೆ ಕೆಳಗೆ ತಿಕ್ಕಿ, ಆ ಬಿಸಿಗೆ ಮೇಣ ಕರಗಿ ಒಳಗೆ ಹೋಗ್ತದೆ, ಮೇಲೆ ಬಿಳಿ ಬಿಳಿ ಉಂಡೆ ನಿಂತಿದ್ರೆ ಅದು ಒಳಗೆ ಹೋಗ್ಲಿಲ್ಲ ಅಂತ ಅರ್ಥ. ಹೆದೆಯ ನಡುವೆ ಬೇರೆ ನೂಲು ಸುತ್ತಿದ ಜಾಗ ಉಂಟಲ್ಲ, ಬಾಣದ ಹಿಂಭಾಗ ತಾಗುವ ಜಾಗ, ಅಲ್ಲಿಗೆ ಈ ಮೇಣ ಬೇಡ. ಅದಕ್ಕೆ ಮತ್ತು ಬಾಣ ಜಾರುವ ರೈಲಿಗೆ ಕಂಪನಿಯವರು ಬೇರೆ ಲೂಬ್, ಅಂದ್ರೆ ಜಾರಲಿಕ್ಕೆ ಹಚ್ಚುವ ಎಣ್ಣೆ, ಕೊಡ್ತಾರೆ, ಬೆರಳ ತುದಿಯಲ್ಲಿ ಒಂದು ಚೂರು, ಹೊಳೆಯುವಷ್ಟು ಮಾತ್ರ. ಮಳೆ ಉಂಟು ಅಂತ ಜಾಸ್ತಿ ಮೆತ್ತಿದ್ರೆ ಅದು ಹಿಂದೆ ಹಿಂದೆ ಜಾರಿ ಟ್ರಿಗರಿನ ಒಳಗೆ ಹೋಗಿ ಧೂಳಿನ ಒಟ್ಟಿಗೆ ಗಟ್ಟಿಯಾಗ್ತದೆ. ಕೆಲವು ಮಾಡೆಲಿಗೆ ರೈಲ್ ಲೂಬ್ ಬೇಡವೇ ಬೇಡ ಅಂತ ಪುಸ್ತಕದಲ್ಲಿ ಬರೆದಿರ್ತದೆ, ಆ ಪುಸ್ತಕ ಓದಿ ದಯವಿಟ್ಟು.

ನಮ್ಮವರಿಗೆ ಎರಡು ಬುದ್ಧಿ ತಕ್ಷಣ ಬರ್ತದೆ. ಒಂದು ಜೇನುಮೇಣ, ಮನೆಯಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ, ಅಮ್ಮ ಕಳಿಸಿದ್ದಾರೆ, ಶುದ್ಧ. ಹಿಂದೆಲ್ಲ ಬಿಲ್ಲಿಗೆ ಜೇನುಮೇಣವೇ ಹಚ್ಚುತ್ತಿದ್ದದ್ದು ಹೌದು, ಆದ್ರೆ ಅಲ್ಲಿಯ ನವೆಂಬರ್ ಚಳಿಗೆ ಬರಿ ಜೇನುಮೇಣ ಗಟ್ಟಿಯಾಗಿ ಪುಡಿ ಪುಡಿ ಎದ್ದು ಬರ್ತದೆ, ಈಗಿನ ಹೆದೆಗೆ ಅಂತಲೇ ಮಾಡಿದ ಮೇಣ ಮೆತ್ತಗೆ ಇರ್ತದೆ, ಅದೇ ಒಳ್ಳೇದು. ಎರಡನೇದು ತೆಂಗಿನೆಣ್ಣೆ. ನಮಗೆ ತಲೆಗೂ ಅದೇ, ಮೀನು ಹುರೀಲಿಕ್ಕೂ ಅದೇ, ಬಾಗಿಲಿನ ತಿರುಗಣಿ ಕಿರ್ರ್ ಅಂದ್ರೂ ಅದೇ. ಟ್ರಿಗರಿಗೆ ಹಾಕ್ಬೇಡಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿ ಕಟ್ತದೆ, ಅಲ್ಲಿ ಬೆಳಿಗ್ಗೆ ನಾಲ್ಕೈದು ಡಿಗ್ರಿ ಇರುವಾಗ ಟ್ರಿಗರಿನ ಒಳಗೆ ಬೆಣ್ಣೆ ಇಟ್ಟ ಹಾಗೆ ಆಗ್ತದೆ. ನಾನು ಹೇಳುದು ಅನುಭವದಿಂದಲೇ, ನಗ್ಬೇಡಿ.

ಒದ್ದೆ ಮಾಡಿ ಹೊಡೆದು ನೋಡಿ

ಇದನ್ನು ಹತ್ತರಲ್ಲಿ ಒಂಬತ್ತು ಜನ ಮಾಡುದಿಲ್ಲ. ಬಿಸಿಲಲ್ಲಿ ಟಾರ್ಗೆಟಿಗೆ ಹೊಡೆದು ಸ್ಕೋಪ್ ಸರಿ ಮಾಡಿಟ್ಟು, ಮಳೆಯಲ್ಲಿ ನೇರ ಕಾಡಿಗೆ ಹೋಗ್ತಾರೆ. ನಿಮ್ಮ ಬಿಲ್ಲು ಒದ್ದೆಯಾದಾಗ ಎಷ್ಟು ಕೆಳಗೆ ಹೊಡೀತದೆ ಅಂತ ನಾನು ಹೇಳಲಿಕ್ಕೆ ಆಗುದಿಲ್ಲ, ಬಿಲ್ಲು ಬಿಲ್ಲಿಗೆ ವ್ಯತ್ಯಾಸ ಉಂಟು. ಒಂದು ರಜೆಯ ದಿನ ಮಳೆ ಬರುವಾಗಲೇ ಹಿತ್ತಿಲಲ್ಲಿ ಫೋಮ್ ಟಾರ್ಗೆಟ್ ಇಡಿ, ಬಿಲ್ಲನ್ನು ಅರ್ಧ ಗಂಟೆ ಮಳೆಗೆ ಬಿಡಿ, ಬಾಣಗಳನ್ನೂ ಬಿಡಿ, ಆಮೇಲೆ ಒರೆಸದೆ 20 ಗಜದಿಂದ ಮೂರು, 30 ಗಜದಿಂದ ಮೂರು ಹೊಡೀರಿ. ಒಣಗಿದ್ದಾಗ ಎಲ್ಲಿ ತಾಗ್ತಿತ್ತು, ಈಗ ಎಲ್ಲಿ ತಾಗ್ತಾ ಉಂಟು ಅಂತ ಅಳತೆ ಮಾಡಿ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ. ಮೊದಲನೇ ಬಾಣವನ್ನೇ ಜಾಸ್ತಿ ನಂಬಿ, ಯಾಕಂದ್ರೆ ಒಂದು ಸಲ ಹೆದೆ ಬಿಟ್ಟ ಮೇಲೆ ಆ ಪೆಟ್ಟಿಗೆ ಅರ್ಧ ನೀರು ಹಾರಿ ಹೋಗಿರ್ತದೆ, ಎರಡನೇ ಬಾಣ ಆಗಲೇ ಬೇರೆ ಕಡೆ ಹೋಗ್ಬಹುದು, ಕಾಡಲ್ಲಿ ನಿಮಗೆ ಸಿಗುದು ಮೊದಲನೇದು ಮಾತ್ರ.

ಬಾಣದ ಗರಿ ಪ್ಲಾಸ್ಟಿಕಿನದ್ದೇ ಇರ್ಲಿ. ಹಕ್ಕಿಯ ನಿಜವಾದ ಗರಿ ನೋಡ್ಲಿಕ್ಕೆ ಚಂದ, ಮಳೆಗೆ ಒದ್ದೆ ಕೋಳಿಯ ಹಾಗೆ ಮುದುಡ್ತದೆ. ಬಾಣದ ಹಿಂದೆ ಹೆದೆ ತಾಗುವ ಸಣ್ಣ ತುಂಡಿಗೆ ನಾಕ್ ಅಂತಾರೆ, ಅದು ನಿಮ್ಮ ಬಿಲ್ಲಿಗೆ ಹೇಳಿದ ಆಕಾರದ್ದೇ ಆಗ್ಬೇಕು, ಅರ್ಧಚಂದ್ರ ಹೇಳಿದಲ್ಲಿ ಚಪ್ಪಟೆ ಹಾಕಿದ್ರೆ ಹೆದೆ ಬಾಣದ ಮೇಲಿಂದ ಹಾರುವ ಅಪಾಯ ಉಂಟು, ಒದ್ದೆ ರೈಲಿನಲ್ಲಿ ಕೇಳುದೇ ಬೇಡ. ಬಾಣ ಇಲ್ಲದೆ ಬಿಲ್ಲು ಬಿಟ್ಟ ಹಾಗೆ ಆಗಿ ಬಿಲ್ಲಿನ ಕೈಗಳು, ಅಂದ್ರೆ ಎರಡು ಬದಿಯ ಬಾಗುವ ಪಟ್ಟಿಗಳು, ಒಡೆಯುದು ಅಂದ್ರೆ ಅದು. ಹೊಳೆಯುವ ಲೈಟಿನ ನಾಕ್ ಸಿಗ್ತದೆ, ಮಳೆಗೆ ಹೋಗುವವರು ಅದನ್ನು ಹಾಕಿಕೊಳ್ಳಿ, ಯಾಕೆ ಅಂತ ಆಮೇಲೆ ಹೇಳ್ತೇನೆ.

ಸ್ಕೋಪು

ಒಳ್ಳೆ ಸ್ಕೋಪಿನ ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿರ್ತಾರೆ, ಒಳಗೆ ಮಂಜು ಕಟ್ಟುದಿಲ್ಲ. ಕಟ್ಟುದು ಹೊರಗಿನ ಗಾಜಿಗೆ. ಬೆಚ್ಚಗಿನ ಕಾರಿನಿಂದ ಇಳಿದು ಚಳಿಗೆ ಹೋಗುವಾಗ ಅಷ್ಟು ತೊಂದರೆ ಇಲ್ಲ, ಚಳಿಯಿಂದ ಬೆಚ್ಚಗಿನ ಒದ್ದೆ ಗಾಳಿಗೆ ಬಂದಾಗ ಕಟ್ತದೆ, ಮತ್ತೆ ನಿಮ್ಮ ಉಸಿರು ತಾಗಿದಾಗ ಕಟ್ತದೆ. ಮಫ್ಲರ್ ಮೂಗಿನ ಮೇಲಿಂದ ಸುತ್ತಿ ಗುರಿ ಇಟ್ರೆ ಉಸಿರು ಮೇಲೆ ಹೋಗಿ ಸೀದಾ ಹಿಂದಿನ ಗಾಜಿಗೆ, ಆಮೇಲೆ ಜಿಂಕೆ ಎಲ್ಲಿ, ಮರ ಎಲ್ಲಿ. ಕನ್ನಡಕ ಇರುವವರಿಗೆ ಈ ಕಷ್ಟ ವಿವರಿಸುದು ಬೇಡ. ತೆಗೆದು ಹಾಕಲಿಕ್ಕೆ ಆಗುವ ಮುಚ್ಚಳ ಹಾಕಿಡಿ, ಒಳಗಿನ ಕಿಸೆಯಲ್ಲಿ ಒಣ ಲೆನ್ಸ್ ಬಟ್ಟೆ ಒಂದಲ್ಲ ಮೂರು ಇರ್ಲಿ, ಪ್ರತಿಯೊಂದು ಬೇರೆ ಬೇರೆ ಸಣ್ಣ ತೊಟ್ಟೆಯಲ್ಲಿ, ಯಾಕಂದ್ರೆ ಮೊದಲನೇದು ಹತ್ತು ನಿಮಿಷಕ್ಕೆ ಒದ್ದೆ. ಅಂಗಿಯ ತುದಿಯಲ್ಲಿ ಒರೆಸಿದ್ರೆ ನೀರು ಹರಡಿ ಇನ್ನೂ ಮಸುಕಾಗ್ತದೆ.

ಬಟ್ಟೆ, ಕೂರುವ ಜಾಗ

ಹತ್ತಿ ಬಟ್ಟೆ, ಜೀನ್ಸ್ ಬೇಡ. ನಮ್ಮ ಊರಿನ ಮಳೆಗೆ ನೆನೆದ್ರೆ ಮನೆಗೆ ಬಂದು ಬಚ್ಚಲೊಲೆಯ ಹತ್ತಿರ ಕೂತು ಒಂದು ಲೋಟ ಶುಂಠಿ ಕಷಾಯ ಕುಡಿದ್ರೆ ಆಯ್ತು, ಅಲ್ಲಿ ಐದು ಡಿಗ್ರಿಯಲ್ಲಿ ಒದ್ದೆ ಹತ್ತಿ ಮೈಗೆ ಅಂಟಿ ಎರಡು ಗಂಟೆ ಅಲ್ಲಾಡದೆ ಕೂತ್ರೆ ಮೈಯ ಬಿಸಿಯೇ ಇಳಿದು ಹೋಗ್ತದೆ, ಮೊದಲು ನಡುಕ, ಆಮೇಲೆ ಕೈ ಹೇಳಿದ ಮಾತು ಕೇಳುದಿಲ್ಲ, ಆ ಹೊತ್ತಿನಲ್ಲಿ ಟ್ರಿಗರ್ ಮುಟ್ಟಲೇಬಾರದು. ಒಳಗೆ ಉಣ್ಣೆ, ಒದ್ದೆಯಾದ್ರೂ ಸ್ವಲ್ಪ ಬೆಚ್ಚಗೆ ಇಡ್ತದೆ. ಮೇಲೆ ಸದ್ದು ಮಾಡದ ರೈನ್ ಜಾಕೆಟ್, ಅಂಗಡಿಯಲ್ಲಿ ತಕೊಳ್ಳುವಾಗ ತೋಳನ್ನು ತೋಳಿಗೆ ಉಜ್ಜಿ ಕಿವಿ ಕೊಟ್ಟು ಕೇಳಿ, ಪರಪರ ಅಂದ್ರೆ ಅಲ್ಲೇ ಬಿಟ್ಟು ಬನ್ನಿ.

ಪೋಂಚೋ ಅಂತ ಒಂದು ಸಿಗ್ತದೆ, ತಲೆಯಿಂದ ಇಳಿಬಿಡುವ ಕಂಬಳಿಯ ಹಾಗೆ. ನಮ್ಮ ಗೊರಬೆ ನೆನಪಾಗಿ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು, ನೇಜಿ ನೆಡುವವರು ಬೆನ್ನ ಮೇಲೆ ಗೊರಬೆ ಹಾಕಿ ಎರಡೂ ಕೈ ಖಾಲಿ ಇಟ್ಟುಕೊಂಡು ಜಡಿಮಳೆಯಲ್ಲಿ ಇಡೀ ದಿನ ಬಗ್ಗಿ ಕೆಲಸ ಮಾಡ್ತಿದ್ರಲ್ಲ, ಅದರಷ್ಟು ಒಳ್ಳೆ ಸಾಮಾನು ಯಾರೂ ಮಾಡ್ಲಿಲ್ಲ. ಆದ್ರೆ ಗೊರಬೆ ಗಟ್ಟಿ ಇರ್ತದೆ, ಪೋಂಚೋ ಜೋಲು ಬೀಳ್ತದೆ, ಆ ಜೋಲು ಹೆದೆ ಹೋಗುವ ದಾರಿಗೆ ಬಂದ್ರೆ ಬಟ್ಟೆ ಒಟ್ಟಿಗೆ ಬಾಣವೂ ಎಲ್ಲೋ. ಬಿಲ್ಲು ಹೂಡಿದ ಮೇಲೆ ಪೋಂಚೋ ಮೈಮೇಲೆ ಬೇಡ, ಕುತ್ತಿಗೆಯ ದಾರ ಕೂಡ ಒಳಗೆ ತುರುಕಿ. ಕೋವಿ ಬೇಟೆಯ ಸೀಸನ್ನಿನ ದಿನಗಳಲ್ಲಿ ಬಿಲ್ಲಿನವರೂ ಕಿತ್ತಳೆ ಬಣ್ಣದ ವೆಸ್ಟ್ ಹಾಕ್ಬೇಕು ಅಂತ ಅಲ್ಲಿ ಕಾನೂನು, ಜಾಕೆಟಿನ ಮೇಲೆಯೇ ಹಾಕಿ, ಒಳಗಲ್ಲ.

ಮಳೆಗೆ ನೆಲದಲ್ಲಿ ಹಾಕುವ ಟೆಂಟಿನಂಥ ಬ್ಲೈಂಡ್, ಅಂದ್ರೆ ಅಡಗಿ ಕೂರುವ ಗೂಡು, ಬೆಸ್ಟ್. ಒಣಗಿ ಕೂರ್ಬಹುದು, ಬಿಲ್ಲೂ ಒಣಗಿರ್ತದೆ. ಒಂದೇ ವಿಷಯ, ಕಿಟಕಿಯಲ್ಲಿ ಸ್ಕೋಪಿಗೆ ಕಾಣ್ತದೆ ಅಂದ್ರೆ ಬಾಣಕ್ಕೂ ದಾರಿ ಉಂಟು ಅಂತ ಅಲ್ಲ, ಸ್ಕೋಪ್ ಮೇಲೆ ಇರ್ತದೆ, ಬಾಣ ಅದಕ್ಕಿಂತ ಕೆಳಗಿಂದ ಹೋಗುದು, ಕಿಟಕಿಯ ಅಂಚಿಗೆ ಹೊಡೆದು ಟೆಂಟ್ ಹರಿದುಕೊಂಡವರು ಸುಮಾರು ಜನ. ಬಿಲ್ಲಿನ ಎರಡು ಕೈಗಳೂ ಬಿಡುವಾಗ ಬಿಚ್ಚಿಕೊಳ್ತವೆ, ಅವು ಟೆಂಟಿನ ಗೋಡೆಗೆ ಕಂಬಕ್ಕೆ ತಾಗ್ಬಾರದು.

ಮರದ ಮೇಲೆ ಕೂರುವ ಸ್ಟ್ಯಾಂಡ್ ಇದ್ರೆ ನನ್ನ ಸಲಹೆ, ಜೋರು ಮಳೆಗೆ ಹತ್ತಬೇಡಿ. ನಮ್ಮಲ್ಲಿ ಅಡಿಕೆಗೆ ಬೋರ್ಡೋ ಸ್ಪ್ರೇ ಮಾಡುವವರು ಎಷ್ಟು ನಿಪುಣರು ಗೊತ್ತಲ್ಲ, ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿಕೊಂಡು ಹೋಗುವವರು, ಅವರೇ ಮರ ಪಾಚಿ ಹಿಡಿದು ಒದ್ದೆ ಇದ್ರೆ "ಇವತ್ತು ಆಗುದಿಲ್ಲ ಅಣ್ಣಾ, ಬಿಸಿಲು ಬರ್ಲಿ" ಅಂತ ಕತ್ತಿ ಕೆಳಗಿಟ್ಟು ಬೀಡಿ ಹೊತ್ತಿಸ್ತಾರೆ. ವರ್ಷಕ್ಕೆ ನಾಲ್ಕು ಸಲ ಮರ ಹತ್ತುವ ಸಾಫ್ಟ್‌ವೇರ್ ಹುಡುಗನಿಗೆ ಅವರಿಗಿಂತ ಜಾಸ್ತಿ ಧೈರ್ಯ ಎಂತಕ್ಕೆ? ಹತ್ತಲೇಬೇಕು ಅಂದ್ರೆ ಮೈ ಪೂರ್ತಿ ಹಿಡಿಯುವ ಬೆಲ್ಟ್, ನೆಲ ಬಿಡುವಾಗಲೇ ಹಗ್ಗಕ್ಕೆ ಕೊಕ್ಕೆ, ಎರಡು ಕೈ ಎರಡು ಕಾಲಿನಲ್ಲಿ ಮೂರು ಯಾವಾಗಲೂ ಮೆಟ್ಟಿಲಿಗೆ ತಾಗಿರ್ಬೇಕು. ಬಿಲ್ಲನ್ನು ಹೆಗಲಿಗೆ ಹಾಕ್ಕೊಂಡು ಹತ್ತುದಲ್ಲ, ಬಾಣ ತೆಗೆದು ಬಿಲ್ಲನ್ನು ಹಗ್ಗಕ್ಕೆ ಕಟ್ಟಿ ನೀವು ಮೇಲೆ ಕೂತ ಮೇಲೆ ಎಳ್ಕೊಳ್ಳುದು. ಗುಡುಗು ಕೇಳಿದ್ರೆ ಇಳೀರಿ, ಒಂಟಿ ಮರದಲ್ಲಿ ಕಬ್ಬಿಣದ ಏಣಿ ಕಟ್ಟಿ ಕೂತವನನ್ನು ಸಿಡಿಲು ಹುಡುಕುದು ಬೇಡ.

ಬಿಲ್ಲು ಹೂಡುದು

ನನ್ನ ಗಲ್ಲದಲ್ಲಿ ಒಂದು ಗೆರೆ ಉಂಟು, ಗಡ್ಡ ಬಿಟ್ರೆ ಕಾಣುದಿಲ್ಲ. ಬಿಲ್ಲಿನ ಮುಂದೆ ಕಾಲು ಇಡುವ ಕಬ್ಬಿಣದ ಬಳೆಯಲ್ಲಿ ಕೆಸರು ಮೆತ್ತಿದ ಬೂಟ್ ಇಟ್ಟು ಹೆದೆ ಎಳೆಯುವಾಗ ಕಾಲು ಜಾರಿ ಬಿಲ್ಲು ಚಂಗಂತ ಮೇಲೆ ಬಂದದ್ದು. ಹಲ್ಲು ಉಳಿದದ್ದು ಪುಣ್ಯ. 150 ಪೌಂಡಿನ ಬಿಲ್ಲು ಅಂದ್ರೆ 68 ಕಿಲೋ, ಒಂದು ಸಿಮೆಂಟ್ ಗೋಣಿಗಿಂತ ಜಾಸ್ತಿ ಎಳೆತ. ಹಗ್ಗದ ಕೊಕ್ಕೆ ಹಾಕಿ ಎಳೆದ್ರೆ ಅದರ ಅರ್ಧ, ಆದ್ರೂ 34 ಕಿಲೋ. ಹಾಗಾಗಿ ಮಳೆಗೆ ಕ್ರಮ ಹೀಗಿರ್ಲಿ: ಬೂಟಿನ ಅಡಿಯನ್ನು ಬೇರಿಗೋ ಕಲ್ಲಿಗೋ ತಿಕ್ಕಿ ಕೆಸರು ತೆಗೀರಿ, ಗಟ್ಟಿ ನೆಲ ನೋಡಿ, ಎಲೆಯ ರಾಶಿಯ ಮೇಲೆ ಅಲ್ಲ, ಬೂಟ್ ಬೆರಳ ತುದಿಯಲ್ಲಿ ಅಲ್ಲ, ನಡು ಪಾದದ ತನಕ ಬಳೆಯ ಒಳಗೆ ಹೋಗ್ಲಿ, ಒದ್ದೆ ಗ್ಲೌಸ್ ತೆಗೆದು ಹಗ್ಗದ ಹಿಡಿಯನ್ನು ಒರೆಸಿ, ಎರಡೂ ಕೈ ಸಮ ಎಳೀರಿ, ಕಟಕ್ ಅಂತ ಕೇಳಿದ ಮೇಲೆ ಸೇಫ್ಟಿ ಬಿದ್ದಿದೆಯಾ ಅಂತ ಕಣ್ಣಲ್ಲಿ ನೋಡಿ. ಹೆದೆ ಒಂದು ಕಡೆ ಜಾಸ್ತಿ ಎಳೆದಿದ್ರೆ ಬಾಣ ಪಕ್ಕಕ್ಕೆ ಹೋಗ್ತದೆ, ನಡು ಗುರುತು ಸರಿ ಕೂತಿದೆಯಾ ನೋಡಿ. ಹಿಡಿ ತಿರುಗಿಸಿ ಹೆದೆ ಎಳೆಯುವ ಕ್ರ್ಯಾಂಕ್ ಇದ್ರೆ ಇನ್ನೂ ಒಳ್ಳೇದು.

ಹೊಡೆಯುವಾಗ ಮುಂದಿನ ಕೈಯ ಹೆಬ್ಬೆರಳು ರೈಲಿಗಿಂತ ಕೆಳಗೆ. ಮೇಲೆ ಬಂದ್ರೆ ಹೆದೆ ಬೆರಳನ್ನು ಕತ್ತರಿಸಿ ಹೋಗ್ತದೆ, ಉತ್ಪ್ರೇಕ್ಷೆ ಅಲ್ಲ ಇದು. ಚಳಿಗೆ ಮರಗಟ್ಟಿದ ಬೆರಳು ಎಲ್ಲಿದೆ ಅಂತ ನಿಮಗೇ ಗೊತ್ತಾಗುದಿಲ್ಲ, ಅದಕ್ಕೇ ಮಳೆಯ ದಿನ ಇದನ್ನು ಎರಡು ಸಲ ನೋಡುದು.

ಯಾವಾಗ ಹೋಗುದು

ಸಣ್ಣ ತುಂತುರು ಮಳೆ ಒಳ್ಳೆ ಹೊತ್ತು. ನೆಲದ ಎಲೆ ಒದ್ದೆಯಾಗಿ ಕಾಲ ಸದ್ದು ಇಲ್ಲ, ಜಿಂಕೆಗಳೂ ಆರಾಮಾಗಿ ಮೇಯ್ತಾ ಇರ್ತವೆ. ಧೋ ಅಂತ ಗಾಳಿ ಮಳೆ ಬರುವಾಗ ಅವು ದಟ್ಟ ಪೊದೆಯ ಒಳಗೆ ಮಲಗಿಬಿಡ್ತವೆ, ಅವಕ್ಕೆ ಕಿವಿ ಮೂಗು ಎರಡೂ ಸರಿ ಕೆಲಸ ಮಾಡುದಿಲ್ಲ, ನೀವೂ ಮನೆಯಲ್ಲೇ ಇರಿ. ದೊಡ್ಡ ಮಳೆ ನಿಂತ ಮೇಲಿನ ಒಂದೆರಡು ಗಂಟೆ ಉಂಟಲ್ಲ, ಮರದಿಂದ ಹನಿ ಬೀಳ್ತಾ ಇರುವ ಹೊತ್ತು, ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆ ಸಮಯ ಇಲ್ಲ, ಹಸಿದ ಜಿಂಕೆಗಳು ಎದ್ದು ಬರ್ತವೆ, ಮೇಲಿಂದ ಜಾಡು ತೊಳೆಯುವ ಮಳೆಯೂ ಇಲ್ಲ. ಫೋನಿನ ರಾಡಾರ್ ನೋಡಿ ಆ ಸಂದಿಗೆ ಕಾದು ಹೋಗುವವನೇ ಜಾಣ. ಮೋಡ ಇದ್ರೆ ಸಂಜೆ ಬೇಗ ಕತ್ತಲಾಗ್ತದೆ, ಕಾನೂನು ಸೂರ್ಯ ಮುಳುಗಿ ಅರ್ಧ ಗಂಟೆ ತನಕ ಬಿಡ್ತದೆ ಅಂತ ಆ ಕೊನೆ ನಿಮಿಷದ ತನಕ ಕೂರ್ಬೇಡಿ, ಮಳೆಯಲ್ಲಿ ನಿಮಗೆ ಹುಡುಕಲಿಕ್ಕೆ ಬೆಳಕು ಬೇಕು.

ಬಾಣ ಬಿಡುದಾ ಬೇಡ್ವಾ, ಬಿಟ್ಟ ಮೇಲೆ ಎಂತ ಮಾಡುದು

ಕೋವಿಯ ಗುಂಡಿನ ಹಾಗೆ ಬಾಣ ಪೆಟ್ಟಿನ ಜೋರಿಗೆ ಬೀಳಿಸುದಿಲ್ಲ, ನೆತ್ತರು ಹೋಗಿ ಜಿಂಕೆ ಸಾಯುದು. ಎರಡೂ ಶ್ವಾಸಕೋಶಕ್ಕೆ ಸರಿ ತಾಗಿದ್ರೂ ನೂರು ಗಜ ಓಡಿ ಆಮೇಲೆ ಬೀಳ್ಬಹುದು. ಆ ನೂರು ಗಜ ನಿಮ್ಮನ್ನು ಕರ್ಕೊಂಡು ಹೋಗುದು ನೆತ್ತರ ಹನಿಗಳು. ಜೋರು ಮಳೆಯಲ್ಲಿ ಆ ಹನಿಗಳು ನೀವು ಮರದಿಂದ ಇಳಿಯುವುದರ ಒಳಗೆ ಇರುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ. ಒಣ ದಿನ ನೀವು 40 ಗಜಕ್ಕೆ ಹೊಡೀತೀರಿ ಅಂದ್ರೆ ತುಂತುರಿನಲ್ಲಿ 20 ಗಜ. ಜಿಂಕೆ ಪೂರ್ತಿ ಅಡ್ಡ ನಿಂತಿರ್ಬೇಕು, ಪಕ್ಕೆ ನಿಮ್ಮ ಕಡೆ, ಓರೆ ನಿಂತಿದ್ರೆ ಬೇಡ, ನಡೀತಾ ಇದ್ರೆ ಬೇಡ. ಜೋರು ಮಳೆ ಶುರುವಾಗಿದ್ರೆ ಹತ್ತು ಗಜದಲ್ಲಿ ನಿಂತಿದ್ರೂ ಬೇಡ. ಇದನ್ನು ನಾನು ಸಭ್ಯನಾಗಿ ಹುಟ್ಟಿ ಕಲಿತದ್ದಲ್ಲ. ಒಂದು ನವೆಂಬರಿನಲ್ಲಿ ಸಂಜೆ ಐದರ ಹೊತ್ತಿಗೆ ಒಂದು ಹೆಣ್ಣು ಜಿಂಕೆಗೆ ಬಿಟ್ಟೆ, ಸ್ವಲ್ಪ ಹಿಂದೆ ತಾಗಿತು ಅಂತ ಆಗಲೇ ಗೊತ್ತಾಯ್ತು, ಹತ್ತು ನಿಮಿಷಕ್ಕೆ ಮಳೆ ಆಕಾಶ ಹರಿದ ಹಾಗೆ ಬಂತು. ರಾತ್ರಿ ಎರಡು ಗಂಟೆ ತನಕ ನಾನೂ ಆ ಮುದುಕರೂ ಟಾರ್ಚ್ ಹಿಡ್ಕೊಂಡು ತಿರುಗಿದೆವು, ಮರುದಿನವೂ ತಿರುಗಿದೆವು. ಮೂರನೇ ದಿನ ಹದ್ದುಗಳು ಸುತ್ತುವುದು ನೋಡಿ ಸಿಕ್ಕಿತು, ನಾನು ಹುಡುಕಿದ ಜಾಗಕ್ಕೆ ಉಲ್ಟಾ ದಿಕ್ಕಿನಲ್ಲಿ, ತೋಡಿನ ಬದಿಯಲ್ಲಿ. ಮುದುಕರು ಒಂದು ಮಾತೂ ಬೈಲಿಲ್ಲ, ಬೈದಿದ್ರೆ ಒಳ್ಳೇದಿತ್ತು.

ಬಾಣ ಬಿಟ್ಟಿರಿ ಅಂತ ಇಟ್ಕೊಳ್ಳಿ. ಎದ್ದು ಓಡ್ಬೇಡಿ. ಜಿಂಕೆ ಕೊನೆಗೆ ಕಂಡದ್ದು ಯಾವ ಮರದ ಹತ್ತಿರ, ಅದನ್ನು ಕಣ್ಣಲ್ಲಿ ಹಿಡ್ಕೊಳ್ಳಿ, ಕೂತಲ್ಲಿಂದಲೇ ಫೋನಿನ ಕಂಪಾಸ್ ಆ ಮರಕ್ಕೆ ತಿರುಗಿಸಿ ಡಿಗ್ರಿ ಬರೆದಿಡಿ, ಕೆಳಗೆ ಇಳಿದ ಮೇಲೆ ಎಲ್ಲ ಮರವೂ ಒಂದೇ ತರ ಕಾಣ್ತದೆ. ಕಿವಿ ಕೊಡಿ, ಬಿದ್ದ ಸದ್ದು ಕೇಳ್ಬಹುದು. ಆಮೇಲೆ ಬಾಣ ಹುಡುಕಿ, ಲೈಟಿನ ನಾಕ್ ಇಲ್ಲಿ ಕೆಲಸಕ್ಕೆ ಬರುದು, ಒದ್ದೆ ಎಲೆಯ ಅಡಿಯಲ್ಲಿ ಹೂತು ಹೋದ ಬಾಣ ಕಣ್ಣಿಗೆ ಕಾಣುದಿಲ್ಲ. ಯಕ್ಷಗಾನದಲ್ಲಿ ಕಿರಾತನೂ ಅರ್ಜುನನೂ ಒಂದೇ ಹಂದಿಯ ಮುಂದೆ ನಿಂತು ಯಾರ ಬಾಣ ಅಂತ ಅರ್ಧ ರಾತ್ರಿ ವಾದ ಮಾಡ್ತಾರಲ್ಲ, ಅವರಿಗೆ ಹಂದಿಯಾದ್ರೂ ಎದುರಿಗೆ ಇತ್ತು, ನಿಮಗೆ ಈ ಬಾಣ ಬಿಟ್ರೆ ಬೇರೆ ಸಾಕ್ಷಿ ಇಲ್ಲ. ಬಾಣದ ಮೇಲೆ ತಿಳಿ ಗುಲಾಬಿ ಬಣ್ಣ, ನೊರೆ ನೊರೆ ಇದ್ರೆ ಶ್ವಾಸಕೋಶ. ಕಪ್ಪು ಕೆಂಪು ಇದ್ರೆ ಪಿತ್ತಜನಕಾಂಗ. ಹಸುರು ಹಸುರು, ನಾತ ಇದ್ರೆ ಹೊಟ್ಟೆ. ಕೂಡ್ಲೇ ಫೋಟೋ ತೆಗೀರಿ, ಮಳೆ ಅದನ್ನೂ ತೊಳೀತದೆ.

ಒಣ ದಿನ ಶ್ವಾಸಕೋಶಕ್ಕೆ ಅರ್ಧ ಗಂಟೆ, ಪಿತ್ತಜನಕಾಂಗಕ್ಕೆ ನಾಲ್ಕರಿಂದ ಆರು ಗಂಟೆ, ಹೊಟ್ಟೆಗೆ ಎಂಟರಿಂದ ಹನ್ನೆರಡು ಗಂಟೆ ಕಾಯ್ಬೇಕು ಅಂತ ಅಲ್ಲಿಯ ಬೇಟೆಗಾರರ ಲೆಕ್ಕ. ಮಳೆಯಲ್ಲಿ ಎಂತ ಮಾಡುದು? ಶ್ವಾಸಕೋಶ ಅಂತ ಗ್ಯಾರಂಟಿ ಇದ್ರೆ ಕಾಯ್ಬೇಡಿ, ನಿಧಾನಕ್ಕೆ ಹೊರಡಿ. ಹೊಟ್ಟೆಗೆ ತಾಗಿದ್ರೆ ಮಳೆ ಬಂದ್ರೂ ಕಾಯ್ಬೇಕು, ಇಲ್ಲಿ ಹೆಚ್ಚಿನವರು ತಪ್ಪುದು, ಜಾಡು ಹೋಗ್ತದೆ ಅಂತ ಹಿಂದೆ ಬಿದ್ರೆ ನೂರಿನ್ನೂರು ಗಜದಲ್ಲಿ ಮಲಗಿ ಸಾಯುವ ಜಿಂಕೆ ಎದ್ದು ಮೈಲುಗಟ್ಟಲೆ ಹೋಗ್ತದೆ, ಆಗ ಜಾಡೂ ಇಲ್ಲ ಜಿಂಕೆಯೂ ಇಲ್ಲ. ಮಲಗಲಿಕ್ಕೆ ಬಿಟ್ರೆ ಜಾಡಿಲ್ಲದೆಯೂ ಹತ್ತಿರದಲ್ಲೇ ಸಿಗ್ತದೆ. ಬೇಟೆಗೆ ಹೊರಡುವ ಮುಂಚೆಯೇ ಜಾಡು ಹಿಡಿಯುವ ನಾಯಿ ಇರುವವರ ನಂಬರ್ ಫೋನಲ್ಲಿ ಇಟ್ಕೊಳ್ಳಿ, ನಿಮ್ಮ ರಾಜ್ಯದಲ್ಲಿ ಅದಕ್ಕೆ ಒಪ್ಪಿಗೆ ಉಂಟಾ ನೋಡಿ, ನಮಗೆ ಕಾಣದ್ದು ಒದ್ದೆ ನೆಲದಲ್ಲಿ ನಾಯಿಯ ಮೂಗಿಗೆ ಗೊತ್ತಾಗ್ತದೆ.

ನೆತ್ತರು ಹುಡುಕುವಾಗ ನೆಲ ಮಾತ್ರ ನೋಡುದಲ್ಲ. ಬಿದ್ದ ಮರದ ಅಡಿ ಭಾಗ, ಮಳೆ ತಾಗದ ಬದಿಯ ತೊಗಟೆ, ಜಿಂಕೆಯ ಪಕ್ಕೆಯಷ್ಟು ಎತ್ತರದ ಹುಲ್ಲು ಪೊದೆಯ ಒಳಮೈ, ಎಲೆಯನ್ನು ಮಗುಚಿ ಅದರ ಅಡಿ, ಇಲ್ಲೆಲ್ಲ ಉಜ್ಜಿದ ನೆತ್ತರು ಉಳಿದಿರ್ತದೆ. ಕೆಂಪು ಎಲೆಯ ಚುಕ್ಕೆಯಾ ನೆತ್ತರಾ ಅಂತ ಸಂಶಯ ಬಂದ್ರೆ ಹೈಡ್ರೋಜನ್ ಪೆರಾಕ್ಸೈಡ್ ಸ್ಪ್ರೇ ಮಾಡಿ, ನೆತ್ತರಾದ್ರೆ ಬಿಳಿ ನೊರೆ ಏಳ್ತದೆ, ಗಾಯಕ್ಕೆ ಹಾಕುವ ಮಾಮೂಲಿ ಬಾಟ್ಲಿ ಸಾಕು. ಕಂಡ ಕಂಡಲ್ಲಿ ಗುರುತಿಗೆ ಪ್ಲಾಸ್ಟಿಕ್ ರಿಬ್ಬನ್ ಕಟ್ಟಿ, ಕೆಲವರು ಟಿಶ್ಯೂ ಪೇಪರ್ ಹಾಕ್ತಾರೆ, ಮಳೆಗೆ ಅದು ಗಂಜಿ ಆಗ್ತದೆ. ಹಿಂದೆ ತಿರುಗಿ ರಿಬ್ಬನುಗಳ ಸಾಲು ನೋಡಿದ್ರೆ ಜಿಂಕೆ ಎತ್ತ ಹೋಗಿದೆ ಅಂತ ಅಂದಾಜಾಗ್ತದೆ. ಜಾಡು ಪೂರ್ತಿ ಕಡಿದ್ರೆ ಕೊನೆಯ ರಿಬ್ಬನಿನಿಂದ ಶುರು ಮಾಡಿ ಗದ್ದೆ ಉತ್ತ ಹಾಗೆ ಸಾಲು ಸಾಲು ನಡೀರಿ, ತಪ್ಪಲು, ತೋಡು, ದಟ್ಟ ಪೊದೆ ಮೊದಲು. ಸಿಕ್ಕಿದ ಮೇಲೆ ಅಲ್ಲಿಯ ಇಲಾಖೆಗೆ ಗೇಮ್ ಚೆಕ್ ಮಾಡಿಸುದು, ಅಂದ್ರೆ ಹೊಡೆದ ಜಿಂಕೆಯ ಲೆಕ್ಕ ಕೊಡುದು, ಮರೀಬೇಡಿ, ಒದ್ದೆ ಕೈಯಲ್ಲಿ ಫೋನ್ ಒತ್ತಲಿಕ್ಕೆ ಆಗ್ಲಿಲ್ಲ ಅಂತ ಹೇಳಿದ್ರೆ ಯಾರೂ ಕೇಳುದಿಲ್ಲ.

ಮನೆಗೆ ಬಂದ ಮೇಲೆ

ಹೂಡಿದ ಬಿಲ್ಲನ್ನು ಕಾರಿಗೆ ಹಾಕುದು ಅಂತ ಇಲ್ಲ. ಹೊರಡುವ ಮುಂಚೆ ಬೇಟೆಯ ಮೊನೆ ಇಲ್ಲದ ಹಳೆ ಬಾಣ ಒಂದನ್ನು ಹಾಕಿ ಟಾರ್ಗೆಟಿಗೋ ಮೆತ್ತಗಿನ ಮಣ್ಣಿಗೋ ಬಿಟ್ಟು ಇಳಿಸಿ, ಪುಸ್ತಕದಲ್ಲಿ ಬೇರೆ ರೀತಿ ಹೇಳಿದ್ರೆ ಹಾಗೆ. ಖಾಲಿ ಬಿಡುದಂತೂ ಬೇಡ.

ಒದ್ದೆ ಬಿಲ್ಲನ್ನು ಪೆಟ್ಟಿಗೆಗೆ ಹಾಕಿ ಜಿಪ್ ಎಳೆದ್ರೆ ನೀವೇ ಒಳಗೆ ಜಡಿಮಳೆಯ ಆಟಿ ತಿಂಗಳು ಮಾಡಿಟ್ಟ ಹಾಗೆ, ಎರಡು ದಿನದಲ್ಲಿ ಬೂಸ್ಟು, ತುಕ್ಕು ಎರಡೂ. ಟವೆಲಿನಲ್ಲಿ ಒರೆಸಿ, ರೈಲಿನ ಸಂದಿಗೆ ಹತ್ತಿಯ ಕಡ್ಡಿ ಹಾಕಿ ಒರೆಸಿ, ಬಿಲ್ಲನ್ನು ಒಂದು ರಾತ್ರಿ ಕೋಣೆಯಲ್ಲಿ ಹಾಗೇ ತೂಗಿ ಬಿಡಿ. ಹೀಟರಿನ ಎದುರು ಬೇಡ, ಹೇರ್ ಡ್ರೈಯರ್ ಬೇಡ, ಬಿಸಿಗೆ ಬಿಲ್ಲಿನ ಕೈಗಳ ಪದರ ಏಳ್ತದೆ, ಹೆದೆಯ ಮೇಣವೂ ಕರಗಿ ಹೋಗ್ತದೆ. ಅಡಿಕೆ ಒಣಗಿಸುವ ಬುದ್ಧಿಯನ್ನು ಇಲ್ಲಿಗೆ ತರ್ಬೇಡಿ. ಮೊನೆಗಳನ್ನು ಬಾಣದಿಂದ ಬಿಚ್ಚಿ ಒಣಗಿಸಿ ತೆಳು ಎಣ್ಣೆ ಸವರಿ, ಬ್ಲೇಡಿನ ಬದಿಯಲ್ಲಿ ಕಂದು ಚುಕ್ಕೆ ಬಂದಿದ್ರೆ ಆ ಬ್ಲೇಡ್ ಬದಲು ಮಾಡಿ. ಟ್ರಿಗರಿಗೆ ಕಂಪನಿ ಹೇಳಿದ ಎಣ್ಣೆ ಒಂದೇ ಹನಿ. ಬಿಲ್ಲಿನ ಕೈಗಳ ಮೇಲೆ ಒಂದು ಹತ್ತಿಯ ಉಂಡೆ ಸವರಿಕೊಂಡು ಹೋಗಿ, ಎಲ್ಲಾದ್ರೂ ಹತ್ತಿಯ ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಬಿರುಕು ಉಂಟು, ಅಂಗಡಿಗೆ ತೋರಿಸದೆ ಅದನ್ನು ಮತ್ತೆ ಹೂಡ್ಬೇಡಿ.

ಬೈನಾಕ್ಯುಲರ್ ಊರಿಗೆ ತಂದಿಟ್ಟವರಿಗೆ ಮಾತ್ರ ಒಂದು ಮಾತು: ನಮ್ಮ ಮಳೆಗಾಲಕ್ಕೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೂಸ್ಟು ಹಿಡೀತದೆ, ನನ್ನದು ಹಾಗೇ ಹೋಯ್ತು. ಗಾಳಿ ಆಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಜೆಲ್ಲನ್ನು ತಿಂಗಳಿಗೊಮ್ಮೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ತಣಿಸಿ ವಾಪಸ್ ಹಾಕಿ, ಆ ಬಾಣಲೆ ಅಡಿಗೆಯದ್ದು ಆಗ್ಬಾರದು.

ಹೆದೆ ಪೂರ್ತಿ ಒಣಗಿದ ಮೇಲೆ, ಅಂದ್ರೆ ಮರುದಿನ ಸಂಜೆ, ಮತ್ತೆ ಮೇಣ ತಿಕ್ಕಿ. ಒದ್ದೆ ಇರುವಾಗ ತಿಕ್ಕಿದ್ರೆ ನೀರನ್ನು ಒಳಗೆ ಹಾಕಿ ಬೀಗ ಹಾಕಿದ ಹಾಗೆ ಆಗ್ತದೆ. ನಡು ಸುತ್ತಿನ ನೂಲು ಸಡಿಲ ಆಗಿದೆಯಾ ನೋಡಿ, ನೂಲು ಬಿಟ್ಟುಕೊಂಡಿದ್ರೆ ಹೊಸ ಹೆದೆ ಹಾಕಿಸಿ. ಆಮೇಲೆ 20 ಗಜದಲ್ಲಿ ಮೂರು ಬಾಣ ಬಿಡಿ. ಮೂರೂ ಹಳೆ ಜಾಗಕ್ಕೆ ಬಂದ್ರೆ ಮುಂದಿನ ಶನಿವಾರಕ್ಕೆ ತಯಾರು, ಬರದಿದ್ರೆ ಸ್ಕೋಪಿನ ಸ್ಕ್ರೂ ಸಡಿಲ ಆಗಿದೆಯಾ ಅಂತ ಮೊದಲು ನೋಡಿ, ಅದು ಬಿಗಿ ಇದ್ರೆ ಮಾತ್ರ ಸ್ಕೋಪ್ ತಿರುಗಿಸಿ.